ಹಲ್ಲಿಗೆ ಸಿಕ್ಕ ಡಬ್ಬಿ

"ನಿನ್ನ ಹಲ್ಲಿಗೆ ಕೂಲಿ ಕೊಡ್ತಿರೋದು ಕಣೇ, ನಾಲಿಗೆಗಲ್ಲ. ಬಾಯಿ ಮುಚ್ಕೊಂಡು ಕಚ್ಚು."

ಯಜಮಾನ ಹೀಗೆ ಅಂದಾಗ ನನ್ನ ಬಾಯಲ್ಲಿ ಒಂದು ಪ್ಲಾಸ್ಟಿಕ್ ಚೂರಿತ್ತು. ಬಾಯಿ ಮುಚ್ಚಿಕೊಂಡು ಕಚ್ಚುವುದು ಹೇಗೆಂದು ಅವನೇ ಒಮ್ಮೆ ತೋರಿಸಿಕೊಡಬಹುದಿತ್ತು. ನಾನು ಚೂರನ್ನು ಅಂಗೈಗೆ ಉಗುಳಿ ಅವನಿಗೆ ಕಾಣುವ ಹಾಗೆ ಹಿಡಿದೆ.

"ಇದು ಹುಳದ ಔಷಧಿ ಕ್ಯಾನು ಯಜಮಾನ್ರೇ. ಮೂರು ಸಲ ತೊಳೆದ್ರೂ ನಾಲಿಗೆ ಮರಗಟ್ಟುತ್ತೆ. ಡಬ್ಬಿ ಮೆಷಿನ್ನಿಗೆ ಬೇಡ, ಕುಂಡದ ಮೆಷಿನ್ನಿಗೆ ಹೋಗ್ಲಿ."

"ಕುಂಡದ ಮೆಷಿನ್ ನಿಂತು ಹದಿನೈದು ದಿನ ಆಯ್ತು. ಅದೂ ಕಾಣಲ್ವಾ? ಕಾರ್ಖಾನೆ ಏನು ನಿಮ್ಮಪ್ಪ ಬಿಟ್ಟುಹೋದ ಗಂಟಾ, ಯಾವುದು ಎಲ್ಲಿಗೆ ಹೋಗ್ಬೇಕು ಅಂತ ನೀನು ಹೇಳೋಕೆ? ಬೇವರ್ಸಿ ಮುಂಡೆ."

ಅವನು ನನ್ನ ಬುಟ್ಟಿಗೆ ಕಾಲಿಂದ ಒದ್ದ. ಕ್ಯಾನುಗಳು ಗೋಡೆಯವರೆಗೂ ಉರುಳಿದವು. ಸಾಲಿನಲ್ಲಿ ಕೂತಿದ್ದ ಉಳಿದ ಏಳು ಹೆಂಗಸರಲ್ಲಿ ಒಬ್ಬರೂ ತಲೆ ಎತ್ತಲಿಲ್ಲ. ಎಲ್ಲರ ಕೈಗಳೂ ಮೊದಲಿಗಿಂತ ಜೋರಾಗಿ ಓಡತೊಡಗಿದವು. ನಾನು ಎದ್ದು ಕ್ಯಾನುಗಳನ್ನು ಒಂದೊಂದಾಗಿ ಹೆಕ್ಕಿ ತಂದೆ.

ನಮ್ಮದು ಗುಜರಿ ಪ್ಲಾಸ್ಟಿಕ್ ವಿಂಗಡಿಸುವ ಕೆಲಸ. ಒಡೆದ ಬಕೆಟ್ಟು, ಕುರ್ಚಿಯ ಕಾಲು, ಬಣ್ಣದ ಡ್ರಮ್ಮು, ಎಣ್ಣೆ ಕ್ಯಾನು, ಯಾರ ಮನೆಯ ಹಿತ್ತಲಿನಿಂದಲೋ ಬಂದ ಏನೇನೋ ಬೆಳಿಗ್ಗೆ ಲಾರಿಯಿಂದ ಸುರಿಯುತ್ತದೆ. ಅದರಲ್ಲಿ ಯಾವುದು ಯಾವ ಜಾತಿಯ ಪ್ಲಾಸ್ಟಿಕ್ಕು ಎಂದು ಕಣ್ಣಿಗೆ ತಿಳಿಯುವುದಿಲ್ಲ. ನೆಲಕ್ಕೆ ಬಡಿದರೆ ಸದ್ದು ಹೇಳುತ್ತದೆ, ಉಗುರಿನಿಂದ ಗೀರಿದರೆ ಗೀರು ಹೇಳುತ್ತದೆ, ಎರಡೂ ಸುಳ್ಳು ಹೇಳಿದಾಗ ಹಲ್ಲು ಬೇಕಾಗುತ್ತದೆ. ಅಂಚನ್ನು ಒಮ್ಮೆ ಕಚ್ಚಿದರೆ ಜಾರುವುದೊಂದು, ಪುಡಿಯಾಗುವುದೊಂದು, ಬೆಳ್ಳಗೆ ಗೆರೆ ಮೂಡಿಸಿಕೊಳ್ಳುವುದೊಂದು. ಓದಿದವರ ಕಾರ್ಖಾನೆಗಳಲ್ಲಿ ಇದಕ್ಕೆ ಯಂತ್ರ ಇಟ್ಟಿರುತ್ತಾರಂತೆ. ಇಲ್ಲಿ ಹತ್ತೊಂಬತ್ತು ವರ್ಷದಿಂದ ಆ ಯಂತ್ರ ನಾನೇ. ಅದಕ್ಕೇ ನನ್ನನ್ನು ಎಲ್ಲರೂ ಹಲ್ಲಕ್ಕ ಅನ್ನುತ್ತಾರೆ. ಈ ಯಂತ್ರದ ಮೇಲಿನ ಸಾಲಿನ ಒಂದು ಹಲ್ಲು ಒಂದು ಬ್ಯಾಟರಿ ಪೆಟ್ಟಿಗೆಯನ್ನು ಕಚ್ಚುವಾಗ ಮುರಿದು ಹೋಗಿದೆ, ಅದನ್ನು ಯಾರೂ ರಿಪೇರಿ ಮಾಡಿಸಿಕೊಟ್ಟಿಲ್ಲ.

ವಿಂಗಡಿಸಿದ್ದು ಪುಡಿಯಾಗಿ, ಕರಗಿ, ಎರಡು ಮೆಷಿನ್ನುಗಳಿಗೆ ಹೋಗುತ್ತಿತ್ತು. ಒಂದು ಹೂಕುಂಡದ್ದು, ಇನ್ನೊಂದು ಡಬ್ಬಿಯದು. ಕೆಟ್ಟದ್ದೆಲ್ಲ ಕುಂಡಕ್ಕೆ, ತಕ್ಕಮಟ್ಟಿಗೆ ಒಳ್ಳೆಯದು ಡಬ್ಬಿಗೆ. ಡಬ್ಬಿಗಳನ್ನೂ ಆಗ ಮೊಳೆ, ಸ್ಕ್ರೂ ಇಟ್ಟುಕೊಳ್ಳುವುದಕ್ಕೆ ಎಂದೇ ಮಾರುತ್ತಿದ್ದರು. ಎರಡಕ್ಕೂ ಬಣ್ಣ ಕಪ್ಪು. ಕಪ್ಪು ಬೆರೆಸುವವನನ್ನು ನಾವು ಮಸಿಯಣ್ಣ ಅನ್ನುತ್ತೇವೆ. ಅವನ ಉಗುರು, ಕಿವಿಯ ಸಂದಿ, ಉಗುಳು ಎಲ್ಲವೂ ಕಪ್ಪು. ಕೆಂಪು ಬಕೆಟ್ಟು, ನೀಲಿ ಡ್ರಮ್ಮು, ಹಳದಿ ಕ್ಯಾನು, ಯಾರ ಮನೆಯ ಯಾವ ಪಾಪವೇ ಇರಲಿ, ಅವನು ಒಂದು ಹಿಡಿ ಪುಡಿ ಹಾಕಿದನೆಂದರೆ ಎಲ್ಲ ಒಂದೇ ಕಪ್ಪು. ಆ ಡಬ್ಬಿಯಲ್ಲಿ ನಮ್ಮಲ್ಲಿ ಒಬ್ಬರೂ ಊಟ ತಂದವರಲ್ಲ. ಬೇಡ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಕೈ ಅದರ ಕಡೆ ಹೋಗುತ್ತಿರಲಿಲ್ಲ, ಅಷ್ಟೇ.

ಹೀಗಿರುವಾಗ ಯಜಮಾನನಿಗೆ ದೊಡ್ಡ ಆರ್ಡರು ಸಿಕ್ಕಿತು. ಊರಿನ ಶಾಲೆಗಳಿಗೆಲ್ಲ ಮಧ್ಯಾಹ್ನದ ಊಟ ಇನ್ನು ಮುಂದೆ ಒಂದೇ ಅಡುಗೆಮನೆಯಿಂದ, ಮಗುವಿಗೊಂದು ಡಬ್ಬಿಯಂತೆ ಹೋಗುತ್ತದೆ, ಆ ಡಬ್ಬಿ ನಮ್ಮದು. ಬಿಸಿಬಿಸಿ ಊಟ ತುಂಬಿ, ಮುಚ್ಚಳ ಒತ್ತಿ, ಒಂದು ಗಂಟೆ ಗಾಡಿಯಲ್ಲಿ ಇಟ್ಟು ಮಕ್ಕಳ ಕೈಗೆ ಕೊಡುವುದು. ಕುಂಡದ ಮೆಷಿನ್ ನಿಂತಿತು. ಒಳ್ಳೆಯದು ಕೆಟ್ಟದ್ದು ಎಂಬ ಎರಡು ರಾಶಿ ಹೋಗಿ ಒಂದೇ ರಾಶಿಯಾಯಿತು. ಯಜಮಾನ ಒಂದು ದಿನ ಜೇಬಿನಿಂದ ಬೆರಳ ತುದಿಯಷ್ಟು ಹಿತ್ತಾಳೆಯ ತುಂಡು ತೆಗೆದು, ಡಬ್ಬಿಯ ಅಚ್ಚಿನ ತಳದಲ್ಲಿ ಎರಡು ಸ್ಕ್ರೂ ಹಾಕಿ ಕೂರಿಸಿದ. ಅಂದಿನಿಂದ ಪ್ರತಿ ಡಬ್ಬಿಯ ತಳದಲ್ಲೂ ಒಂದು ಲೋಟ, ಒಂದು ಮುಳ್ಳುಚಮಚದ ಚಿತ್ರ ಮೂಡತೊಡಗಿತು.

"ಏನಣ್ಣ ಇದು?" ಎಂದು ಮಸಿಯಣ್ಣನನ್ನು ಕೇಳಿದೆ.

"ಊಟಕ್ಕೆ ಆಗುತ್ತೆ ಅನ್ನೋ ಗುರುತು ಅಕ್ಕ. ಇದಿದ್ರೆ ತಿನ್ನೋದು ಇಡಬಹುದು."

"ಒಳಗಿನ ಮಾಲು ಅದೇ ಅಲ್ವಾ?"

"ಮಾಲು ಅದೇ. ಗುರುತು ಹೊಸದು." ಅವನು ನಗುವುದಕ್ಕೆ ಹೋಗಿ ಕೆಮ್ಮಿದ.

ನನಗೆ ನಗು ಬರಲಿಲ್ಲ. ನನ್ನ ಮೊಮ್ಮಗಳು ಆರು ವರ್ಷದವಳು, ಆ ವರ್ಷವಷ್ಟೇ ಶಾಲೆಗೆ ಸೇರಿದ್ದಳು. ಮನೆಗೆ ಹೋದರೆ ಅವಳದು ಒಂದೇ ಮಾತು. "ಅಜ್ಜಿ, ಸೋಮವಾರದಿಂದ ಎಲ್ಲರಿಗೂ ಹೊಸ ಡಬ್ಬಿ ಕೊಡ್ತಾರಂತೆ. ಕಪ್ಪುದಂತೆ. ನನಗೇ ಅಂತ ಒಂದು." ಅವಳು ಎರಡೂ ಕೈ ಅಗಲಿಸಿ ಅದು ಎಷ್ಟು ದೊಡ್ಡದೆಂದು ತೋರಿಸುತ್ತಿದ್ದಳು. ಅದರ ಅಳತೆ ನನಗೆ ಅವಳಿಗಿಂತ ಚೆನ್ನಾಗಿ ಗೊತ್ತಿತ್ತು.

ನನ್ನ ಬುಟ್ಟಿಗೆ ಒದೆ ಬಿದ್ದ ಆ ವಾರವೇ ಕಾರ್ಖಾನೆಗೆ ಕಾಯಿಲೆ ಬಂದ ಹಾಗೆ ಒಂದು ಸುದ್ದಿ ಬಂತು. ಯಾರೋ ತಪಾಸಣೆಯ ಆಫೀಸಿಗೆ ಪತ್ರ ಬರೆದಿದ್ದಾರೆ, ಶನಿವಾರ ಸಾಹೇಬರು ಬಂದು ಡಬ್ಬಿ ತೆಗೆದುಕೊಂಡು ಹೋಗಿ ಪರೀಕ್ಷೆಗೆ ಹಾಕುತ್ತಾರೆ, ಪಾಸಾದರೆ ಮಾತ್ರ ಸೋಮವಾರ ಮಾಲು ಶಾಲೆಗೆ ಹೋಗುತ್ತದೆ. ಯಜಮಾನ ನಮ್ಮೆಲ್ಲರನ್ನೂ ನಿಲ್ಲಿಸಿದ.

"ಯಾವ ಹಡಬೆ ಬರೆದಿದ್ದು ಅಂತ ಈಗಲೇ ಹೇಳಿಬಿಟ್ರೆ ಒಬ್ಬಳೇ ಹೋಗ್ತಾಳೆ. ಇಲ್ಲಾಂದ್ರೆ ಎಲ್ಲರೂ ಹೋಗ್ತೀರಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನುತ್ತಾರಲ್ಲ, ನಮ್ಮಲ್ಲಿ ಎಲ್ಲರೂ ಪಕ್ಕದವರ ಹೆಗಲು ನೋಡಿದರು. ಹೆಚ್ಚಿನವರು ನೋಡಿದ್ದು ನನ್ನದನ್ನು. ಎದುರು ಮಾತಾಡಿದವಳು ನಾನೊಬ್ಬಳೇ ತಾನೇ. ಅಂದಿನಿಂದ ನಾನು ಊಟಕ್ಕೆ ಕೂತರೆ ಸಾಲು ಒಂದು ಮೊಳ ಆಚೆ ಸರಿಯುತ್ತಿತ್ತು. ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳಾದ, ಸದಾ ಏನಾದರೊಂದು ಗೊಣಗುತ್ತಿದ್ದ ಗೊಣಗಜ್ಜಿ ಕೂಡ ನನ್ನನ್ನು ಕಂಡರೆ ಗೊಣಗುವುದನ್ನು ನಿಲ್ಲಿಸುತ್ತಿದ್ದಳು. ನನಗೂ ಎಲ್ಲರ ಮೇಲೆ ಅನುಮಾನ. ಮಸಿಯಣ್ಣನಿಗೆ ಅಕ್ಷರ ಬರುತ್ತದೆ, ಇವನೇ ಇರಬಹುದೇ ಅನ್ನಿಸುತ್ತಿತ್ತು. ಇವನು ಯಜಮಾನನ ಕಿವಿ ಕಚ್ಚುತ್ತಿರಬಹುದೇ ಎಂದೂ ಅನ್ನಿಸುತ್ತಿತ್ತು. ಒಬ್ಬನೇ ಮನುಷ್ಯನನ್ನು ಬೆಳಿಗ್ಗೆ ಹೀಗೆ, ಸಂಜೆ ಹಾಗೆ ಅನುಮಾನಿಸುತ್ತಾ ಮೂರು ದಿನ ಕಳೆದೆ.

ಸಾಹೇಬರ ಮೇಲಂತೂ ನನಗೆ ಮೊದಲಿನಿಂದಲೂ ನಂಬಿಕೆ ಇರಲಿಲ್ಲ. ಎರಡು ವರ್ಷದ ಹಿಂದೆ ಒಬ್ಬರು ಬಂದಿದ್ದರು, ಬಕೆಟ್ಟಿನ ವಿಷಯಕ್ಕೆ. ಬಕೆಟ್ಟಿನ ತುಂಡನ್ನು ಪೊಟ್ಟಣ ಕಟ್ಟಿ ಅರಗಿನ ಸೀಲು ಒತ್ತಿದರು. ಆಮೇಲೆ ಯಜಮಾನನ ಕೋಣೆಗೆ ಚಹಕ್ಕೆ ಹೋದರು. ಪೊಟ್ಟಣವೂ ಜೊತೆಗೆ ಹೋಯಿತು. ಒಳಗೆ ಹೋಗುವಾಗ ಅದಕ್ಕೆ ಬಿಳಿ ದಾರವಿತ್ತು, ಹೊರಗೆ ಬರುವಾಗ ಹಳದಿ ದಾರವಿತ್ತು. ದಿನಕ್ಕೆ ನೂರು ಕಟ್ಟು ಕಟ್ಟುವ ನಮಗೆ ದಾರ ಬದಲಾದರೆ ಗೊತ್ತಾಗುವುದಿಲ್ಲವೇ? ಗೊತ್ತಾಯಿತು, ಗೊತ್ತಾಗಿ ಸುಮ್ಮನಿದ್ದೆ. ಆಗ ಅದು ಬರೀ ಬಕೆಟ್ಟಾಗಿತ್ತು.

ಶುಕ್ರವಾರ ಯಜಮಾನ ಗುಜರಿ ನಿಲ್ಲಿಸಿದ. ಡಬ್ಬಿ ಮೆಷಿನ್ನಿನ ಹೊಟ್ಟೆಯನ್ನು ಮೂರು ಸಲ ತೊಳೆಸಿ, ಎಲ್ಲಿಂದಲೋ ಹೊಸ ಕಾಳಿನ ಮೂಟೆಗಳನ್ನು ತರಿಸಿದ. ಹೊಸ ಪ್ಲಾಸ್ಟಿಕ್ಕಿನ ಕಾಳು ನೋಡುವುದಕ್ಕೆ ಬಲು ಚೆಂದ, ಬೆಳ್ಳಗೆ, ವಾಸನೆಯಿಲ್ಲದೆ. ಅದಕ್ಕೆ ಮಸಿ ಬೆರೆಸಿ ಇನ್ನೂರು ಡಬ್ಬಿ ಮಾಡಿದರು. ಸಾಹೇಬರಿಗೆ ತೋರಿಸುವ ಡಬ್ಬಿಗಳು. ಶಾಲೆಗೆ ಹೋಗುವ ಸಾವಿರಾರು ಡಬ್ಬಿಗಳು ಆಗಲೇ ಹಿಂದಿನ ಗೋದಾಮಿನಲ್ಲಿ ಸೂರು ಮುಟ್ಟಿದ್ದವು. ಅಚ್ಚು ಒಂದೇ, ಕಪ್ಪು ಒಂದೇ, ಲೋಟ ಮುಳ್ಳುಚಮಚ ಒಂದೇ. ಹೊಸ ಇನ್ನೂರನ್ನು ಪ್ಯಾಕಿಂಗ್ ಮೇಜಿನ ಮೇಲೆ ಪೇರಿಸಿ ಬಟ್ಟೆ ಹೊದಿಸಿದರು. ಆ ಮೇಜು ನನ್ನ ಮಗಳದು. ಅವಳು ಅಲ್ಲಿ ಮುಚ್ಚಳ ಹಾಕುವ, ಎಣಿಸುವ ಕೆಲಸ ಮಾಡುತ್ತಾಳೆ.

"ಹಲ್ಲಕ್ಕ, ಇವತ್ತು ನಿನ್ನ ಹಲ್ಲಿಗೆ ರಜೆ," ಎಂದ ಯಜಮಾನ. "ಆ ಡಬ್ಬಿಗಳನ್ನ ಬಟ್ಟೆಯಲ್ಲಿ ಒರೆಸಿಡು. ಒಂದು ಧೂಳಿನ ಕಣ ಇರಬಾರದು."

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ನಾನು ಒರೆಸುವ ಬಟ್ಟೆಗಳ ಬುಟ್ಟಿ ಹೊತ್ತು ಗೋದಾಮಿಗೆ ಹೋದೆ. ಬಟ್ಟೆಯ ಕೆಳಗೆ ಮೂವತ್ತು ಶಾಲೆ ಡಬ್ಬಿ ಇಟ್ಟುಕೊಂಡು ಬಂದೆ. ಮೇಜಿನ ಮೇಲಿನ ಸಾಲುಗಳಿಂದ ಮೂವತ್ತು ಹೊಸ ಡಬ್ಬಿ ತೆಗೆದು, ಆ ಜಾಗಕ್ಕೆ ಇವನ್ನು ಇಡಬೇಕು. ನನ್ನ ಲೆಕ್ಕ ಅಷ್ಟೇ ಇದ್ದದ್ದು. ಪರೀಕ್ಷೆ ಅನ್ನುವುದು ನಿಜವೇ ಆಗಿದ್ದರೆ ನಿಜವಾದ ಡಬ್ಬಿಗೇ ಆಗಲಿ. ಆದರೆ ಹದಿನೈದು ಬದಲಾಯಿಸುವಷ್ಟರಲ್ಲಿ ಬಾಗಿಲ ಹತ್ತಿರ ಯಾರದೋ ಚಪ್ಪಲಿ ಸದ್ದಾಯಿತು. ಕೈಯಲ್ಲಿದ್ದದ್ದು, ಬುಟ್ಟಿಯಲ್ಲಿದ್ದದ್ದು, ಮೇಜಿನ ಮೇಲುಗಡೆಯ ಸಾಲಿನದು ಎಲ್ಲ ಗಾಬರಿಯಲ್ಲಿ ಒಂದೇ ರಾಶಿಯಾಯಿತು. ಚಪ್ಪಲಿ ಸದ್ದು ಮುಂದೆ ಹೋಯಿತು. ನೋಡಿದರೆ ಎಲ್ಲ ಕಪ್ಪು. ಯಾವುದು ಯಾವುದೆಂದು ಆ ದೇವರಿಗೂ ತಿಳಿಯದು.

ದೇವರಿಗೆ ತಿಳಿಯದ್ದು ನನ್ನ ಹಲ್ಲಿಗೆ ತಿಳಿಯುತ್ತದೆ. ಒಂದೊಂದನ್ನೇ ತೆಗೆದು ಅಂಚು ಕಚ್ಚಿದೆ. ಹೊಸ ಕಾಳಿನದು ಹಲ್ಲಿಗೆ ಜಾರಿ ಹೋಗುತ್ತದೆ, ಏನೂ ಆಗದ ಹಾಗೆ ಹಿಂದಕ್ಕೆ ಬಾಗಿಕೊಳ್ಳುತ್ತದೆ. ಗುಜರಿಯದು ಕರಕ್ ಅನ್ನುತ್ತದೆ, ಬೆಳ್ಳಗೆ ಗೆರೆ ಮೂಡುತ್ತದೆ. ಕರಕ್ ಅಂದದ್ದನ್ನೆಲ್ಲ ಮೇಜಿನ ಮೇಲುಗಡೆಯ ಸಾಲಿನಲ್ಲಿಟ್ಟೆ, ಜಾರಿದ್ದನ್ನೆಲ್ಲ ಬುಟ್ಟಿಗೆ ಹಾಕಿದೆ. ಕೆಲಸ ಮುಗಿದಾಗ ಮೈ ಹಗುರಾಯಿತು. ಇಷ್ಟು ವರ್ಷಗಳಲ್ಲಿ ಮೊದಲ ಸಲ ನನ್ನ ಹಲ್ಲು ನನಗಾಗಿ ಕೆಲಸ ಮಾಡಿತ್ತು. ಆ ಬಿಳಿ ಗೆರೆಗಳ ಯೋಚನೆ ನನಗೆ ಬರಲೇ ಇಲ್ಲ. ನಾವು ಕಚ್ಚಿದ ವಸ್ತು ನೇರ ಪುಡಿ ಮಾಡುವ ಮೆಷಿನ್ನಿಗೆ ಹೋಗುತ್ತದೆ. ನಾವು ಕಚ್ಚಿದ್ದನ್ನು ಆಮೇಲೆ ಇನ್ನೊಬ್ಬರು ಕೈಯಲ್ಲಿ ಹಿಡಿದು ನೋಡಿದ್ದು ನನ್ನ ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಇರಲಿಲ್ಲ.

ಬುಟ್ಟಿ ಎತ್ತಿಕೊಂಡು ತಿರುಗಿದರೆ ಮಗಳು ಬಾಗಿಲಲ್ಲಿ ನಿಂತಿದ್ದಳು, ಕೈ ಒದ್ದೆ. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಗೊತ್ತಿಲ್ಲ. ಅವಳು ನನ್ನನ್ನು ದಾಟಿ ಮೇಜಿಗೆ ಹೋದಳು.

ಸಂಜೆ ಮನೆಯಲ್ಲಿ ಮಗು ಹೊರಗೆ ಆಡುತ್ತಿದ್ದಾಗ ಕೇಳಿದಳು.

"ಮೇಜಿನ ಹತ್ರ ಏನು ಮಾಡ್ತಿದ್ದೆ?"

"ಒರೆಸ್ತಿದ್ದೆ."

"ಬಾಯಲ್ಲಾ?"

ನಾನು ಒಲೆಯ ಕಡೆ ತಿರುಗಿದೆ.

"ನೋಡಮ್ಮ, ನಿನ್ನ ಹಲ್ಲು ನಿನ್ನ ಬಾಯೊಳಗೇ ಇರಲಿ. ನಿನ್ನ ಕೆಲಸ ಹೋದ್ರೆ ನಂದೂ ಹೋಗುತ್ತೆ. ಆಮೇಲೆ ಅವಳಿಗೆ ಡಬ್ಬಿ ಎಂಥದ್ದು ಅಂತ ಚಿಂತೆ ಮಾಡೋದೇ ಬೇಡ. ರಾತ್ರಿ ತಟ್ಟೆಗೆ ಹಾಕೋಕೆ ಏನೂ ಇರಲ್ಲ."

"ಅವಳು ದಿನಾ ಅದರಲ್ಲೇ ತಿನ್ಬೇಕಲ್ವೇ?"

"ಊರಿನ ಮಕ್ಕಳೆಲ್ಲ ತಿಂತಾವೆ. ಅವರೆಲ್ಲರ ಅಜ್ಜಿ ನೀನೊಬ್ಳೇನಾ?"

"ಅವರ ಅಜ್ಜಿಯರಿಗೆ ಗೊತ್ತಿಲ್ಲ. ನನಗೆ ಗೊತ್ತಿದೆ."

ಅವಳು ಎದ್ದು ಹೋಗಿ ಮಗುವನ್ನು ಎತ್ತಿಕೊಂಡು ಬಂದು ಕಾಲು ತೊಳೆಸಿದಳು. ಇವಳು ಯಜಮಾನನಿಗೆ ಹೇಳಿಬಿಡುತ್ತಾಳೇನೋ ಎಂದು ನನಗೆ ಅನ್ನಿಸಿತು. ಹೆತ್ತ ಮಗಳ ಮೇಲೆ ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯಾಯಿತು. ನಾಚಿಕೆಯಾದ ಮೇಲೂ ಅನುಮಾನ ಹೋಗಲಿಲ್ಲ.

ಶನಿವಾರ ಹನ್ನೊಂದು ಗಂಟೆಗೆ ಸಾಹೇಬರ ಬಿಳಿ ಕಾರು ಬಂತು. ನಮಗೆಲ್ಲ ತಲೆಗೆ ಟೋಪಿ, ಕೈಗೆ ಗವಸು ಕೊಟ್ಟಿದ್ದರು. ಗವಸು ಎಲ್ಲವೂ ಒಂದೇ ಅಳತೆ, ಗೊಣಗಜ್ಜಿಯ ಬೆರಳ ತುದಿಗಳು ಗಾಳಿಗೆ ಅಲ್ಲಾಡುತ್ತಿದ್ದವು. ಗುಜರಿ ರಾಶಿಗೆ ಟಾರ್ಪಾಲು ಹೊದಿಸಿತ್ತು.

ಸಾಹೇಬರು ತೆಳ್ಳಗಿನ ಮನುಷ್ಯ, ಶೂಗಳನ್ನು ಕಾಪಾಡಿಕೊಂಡು ನಡೆಯುತ್ತಿದ್ದರು. ಟಾರ್ಪಾಲಿನ ಮುಂದೆ ನಿಂತು, "ಇದೇನು?" ಎಂದರು.

"ಕುಂಡದ ಮಾಲು ಸಾರ್."

"ಓ." ಒಂದು ಮೂಲೆ ಎತ್ತಿ ನೋಡಿದ್ದರೆ ಸಾಕಿತ್ತು. ಎತ್ತಲಿಲ್ಲ. ನನ್ನ ಮುಂದೆ ಬಂದು, "ನಿನ್ನ ಕೆಲಸ ಏನಮ್ಮ?" ಎಂದರು.

"ಗುಡಿಸೋದು ಸಾರ್," ಎಂದ ಯಜಮಾನ, ನಾನು ಬಾಯಿ ತೆರೆಯುವ ಮೊದಲೇ.

ಪ್ಯಾಕಿಂಗ್ ಮೇಜಿನ ಹತ್ತಿರ ಯಜಮಾನ ತಾನೇ ಬಟ್ಟೆ ಸರಿಸಿದ. ಸಾಹೇಬರು ಒಂದು ಡಬ್ಬಿಯನ್ನು ತಿರುಗಿಸಿ ತಳ ನೋಡಿ, "ಗುರುತು ಇದೆಯಲ್ಲ," ಎಂದು ತೃಪ್ತಿಪಟ್ಟುಕೊಂಡರು. ಚೀಲದಿಂದ ಕಾಗದ, ದಾರ, ಅರಗು, ಮೇಣದ ಬತ್ತಿ ತೆಗೆದಿಟ್ಟರು. ಅರಗು ಕರಗುವವರೆಗೆ ಮಾತಿಗೆ ಇರಲಿ ಎಂಬ ಹಾಗೆ ನಕ್ಕು ಹೇಳಿದರು.

"ಪತ್ರ ಯಾರು ಬರೆದಿದ್ದು ಗೊತ್ತೇನ್ರೀ? ಈ ಆರ್ಡರಿಗೆ ನಿಮ್ಮ ಜೊತೆ ಅರ್ಜಿ ಹಾಕಿದ್ನಲ್ಲ, ಆ ಇನ್ನೊಬ್ಬ ಡಬ್ಬಿಯವನು. ಹೊಟ್ಟೆಕಿಚ್ಚು."

"ಹೌದಾ ಸಾರ್? ನಾನು ಇವರಲ್ಲೇ ಯಾವಳೋ ಅಂದ್ಕೊಂಡಿದ್ದೆ."

"ಏ, ಇವರಿಗೆಲ್ಲ ಎಲ್ಲಿ ಬರುತ್ತೆ ಅಷ್ಟು."

ಇಬ್ಬರೂ ನಕ್ಕರು. ಗೋಡೆಗೆ ಒರಗಿ ನಿಂತ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇಷ್ಟು ದಿನ ಒಬ್ಬರನ್ನೊಬ್ಬರು ಸಂದೇಹದಿಂದ ನೋಡಿಕೊಂಡು ಮೊಳ ಮೊಳ ದೂರ ಕೂತು ಉಂಡಿದ್ದೆವು. ಕಡೆಗೆ ನೋಡಿದರೆ ಬರೆದವನು ಇನ್ನೊಬ್ಬ ಕಳ್ಳ. ವಿಷವನ್ನು ಮೂಸಿ, ಕಚ್ಚಿ, ಉಗಿದು ಬದುಕುವ ನಮ್ಮಲ್ಲಿ ಒಬ್ಬರೂ ಬರೆದಿರಲಿಲ್ಲ. ಯಜಮಾನ ಬೈದ ಯಾವ ಬೈಗುಳವೂ ನನಗೆ ಅಷ್ಟು ಚುಚ್ಚಿರಲಿಲ್ಲ.

ಸಾಹೇಬರು ಮೇಲಿನ ಸಾಲಿನಿಂದ ಎರಡು ಡಬ್ಬಿ ತೆಗೆದರು. ಒಂದನ್ನು ಕಾಗದದಲ್ಲಿ ಸುತ್ತಿ, ದಾರ ಬಿಗಿದು, ಗಂಟಿನ ಮೇಲೆ ಅರಗು ಹನಿಸಿ ಮುದ್ರೆ ಒತ್ತಿದರು. "ಇದು ಪರೀಕ್ಷೆಗೆ. ಇನ್ನೊಂದು ನಿಮ್ಮ ಹತ್ರ ಇರೋದು, ಅದಕ್ಕೂ ಸೀಲ್ ಹಾಕ್ತೀನಿ, ಹಿಡ್ಕೊಳ್ಳಿ," ಎಂದು ಎರಡನೆಯದನ್ನು ಯಜಮಾನನ ಕೈಗೆ ಕೊಟ್ಟರು.

ಯಜಮಾನ ಅದನ್ನು ಹಿಡಿದುಕೊಂಡು ಸುಮ್ಮನೆ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದ. ಹೆಬ್ಬೆರಳು ಒಂದು ಕಡೆ ನಿಂತಿತು. ಡಬ್ಬಿಯನ್ನು ಬೆಳಕಿಗೆ ಹಿಡಿದ. ಕಪ್ಪು ಅಂಚಿನ ಮೇಲೆ ಬಿಳಿ ಗೆರೆಗಳು, ನಡುವೆ ಒಂದು ಹಲ್ಲಿನಷ್ಟು ಖಾಲಿ. ಆಗ ನನಗೆ ನಾನು ಮಾಡಿದ್ದು ತಿಳಿಯಿತು. ಅವನಿಗೂ ತಿಳಿಯಿತು. ಮೇಜಿನ ಮೇಲಿನ ಇನ್ನೊಂದು ಡಬ್ಬಿ ತೆಗೆದು ನೋಡಿದ, ಮತ್ತೊಂದು ನೋಡಿದ. ಬಗ್ಗಿ ಸಾಹೇಬರ ಕಿವಿಯಲ್ಲಿ ಏನೋ ಹೇಳಿದ.

"ಸೀಲ್ ಬಿದ್ಮೇಲೆ ಕಷ್ಟ ಕಣ್ರೀ," ಎಂದರು ಸಾಹೇಬರು. ಸ್ವಲ್ಪ ಹೊತ್ತು ಪೊಟ್ಟಣ ನೋಡಿದರು. "ನೋಡೋಣ. ಮೊದಲು ಒಂದು ಚಹ ಕುಡಿಯೋಣ."

ಯಜಮಾನನಿಗೆ ಆ ಮಾತಿನಿಂದ ಜೀವ ಬಂತು. ಆದರೂ ಒಳಗಿನ ಉರಿ ತಡೆಯಲಿಲ್ಲ.

"ಒಂದು ನಿಮಿಷ ಸಾರ್. ಮೊದಲು ಈ ದರಿದ್ರದವರನ್ನ ವಿಚಾರಿಸಿಬಿಡ್ತೀನಿ. ಸಾಲಾಗಿ ನಿಲ್ರೇ. ಬಾಯಿ ತೆಗೀರಿ."

ನಾವು ಅರ್ಥವಾಗದೆ ನಿಂತೆವು.

"ಬಾಯಿ ತೆಗೀರಿ ಅಂದ್ನಲ್ಲ. ಹಲ್ಲು ತೋರಿಸಿ. ಯಾವ ನಾಯಿ ಕಚ್ಚಿದೆ ಅಂತ ನೋಡ್ಬೇಕು."

ಯಾರ ಬಾಯಿಯ ಗುರುತೆಂದು ಅವನಿಗೆ ಮೊದಲೇ ಗೊತ್ತಿತ್ತು. ನನ್ನೊಬ್ಬಳನ್ನೇ ಕರೆದಿದ್ದರೆ ಸಾಕಿತ್ತು. ಅವನಿಗೆ ಎಲ್ಲರ ಬಾಯಿಯೂ ಬೇಕಿತ್ತು. ಫೋನಿನ ಬೆಳಕು ಹಾಕಿಕೊಂಡು ಸಾಲಿನ ಆ ತುದಿಯಿಂದ ಶುರು ಮಾಡಿದ. ದನ ಕೊಳ್ಳುವವರು ನೋಡುವ ಹಾಗೆ ಗಲ್ಲ ಹಿಡಿದು ಎತ್ತಿದ, ಹೆಬ್ಬೆರಳಿನಿಂದ ತುಟಿ ಮಗುಚಿದ, ಡಬ್ಬಿಯ ಅಂಚನ್ನು ಹಲ್ಲಿನ ಹತ್ತಿರ ತಂದು ಹೋಲಿಸಿದ. ಮದುವೆಯಾಗಿ ಮೂರು ತಿಂಗಳಾದ ಹುಡುಗಿಯೊಬ್ಬಳು ಕಣ್ಣು ಮುಚ್ಚಿಕೊಂಡಿದ್ದಳು, ನೀರು ಕೆನ್ನೆಗೆ ಇಳಿಯುತ್ತಿತ್ತು. ಗೊಣಗಜ್ಜಿ ಮಾತ್ರ ತಾನೇ ಬಾಯಿ ಅಗಲಿಸಿ ಬೋಳು ವಸಡು ತೋರಿಸಿದಳು.

"ಹುಡುಕ್ಕೊಳ್ಳಿ ಯಜಮಾನ್ರೇ. ಇದ್ದದ್ದನ್ನೆಲ್ಲ ನಿಮ್ಮ ಕಾರ್ಖಾನೆಗೇ ಸವೆಸಿ ಆಗಿದೆ."

ಅವನು ಅವಳನ್ನು ಪಕ್ಕಕ್ಕೆ ತಳ್ಳಿದ. ಸಾಹೇಬರು ತಮ್ಮ ಫೋನು ತೆಗೆದು ಅದರಲ್ಲಿ ಏನೋ ಓದತೊಡಗಿದರು. ನನ್ನ ಪಕ್ಕ ಮಗಳು ನಿಂತಿದ್ದಳು. ಅವನು ಅವಳ ಗಲ್ಲಕ್ಕೆ ಕೈ ಹಾಕಿದ.

"ಅವಳನ್ನ ಬಿಡಿ," ಎಂದೆ. "ನಾನು."

ಅವನ ಕೈಯಿಂದ ಡಬ್ಬಿ ತೆಗೆದುಕೊಂಡೆ. ಹಳೆಯ ಗುರುತಿನ ಪಕ್ಕದಲ್ಲೇ ಇನ್ನೊಂದು ಸಲ ಕಚ್ಚಿದೆ. ಕರಕ್ ಅಂದದ್ದು ಎಲ್ಲರಿಗೂ ಕೇಳಿಸಿತು.

"ಹೊಂದ್ತಾ? ಈಗ ಸಾಹೇಬರೂ ಕೇಳಲಿ. ಹೊಸ ಕಾಳಿನ ಡಬ್ಬಿಗೆ ನನ್ನ ಹಲ್ಲಿನ ಗುರುತು ಕೂರಲ್ಲ, ಜಾರುತ್ತೆ. ಇದಕ್ಕೆ ಕೂತಿದೆ. ಇದು ಗೋದಾಮಿನದು, ಶಾಲೆಗೆ ಹೋಗೋದು. ಔಷಧಿ ಕ್ಯಾನು, ಬಣ್ಣದ ಡ್ರಮ್ಮು, ಬ್ಯಾಟರಿ ಪೆಟ್ಟಿಗೆ ಎಲ್ಲ ಇದೆ ಇದರಲ್ಲಿ. ನಾನೇ ಕಚ್ಚಿ ಕಚ್ಚಿ ಹಾಕಿದ್ದು. ನಿಮ್ಮ ಪೊಟ್ಟಣದಲ್ಲಿರೋದೂ ಇದರ ಅಕ್ಕತಂಗಿಯೇ."

ಯಜಮಾನನ ಕೈ ನನ್ನ ಕೆನ್ನೆಗೆ ಬಂದದ್ದು ಕಾಣಲಿಲ್ಲ. ಟೋಪಿ ಹಾರಿ ಬಿತ್ತು, ಬಾಯಿ ಉಪ್ಪಾಯಿತು.

"ಸೂಳೆ. ಹತ್ತೊಂಬತ್ತು ವರ್ಷ ನನ್ನ ಅನ್ನ ತಿಂದು."

"ಏಯ್, ಏನ್ರೀ ಇದು," ಎಂದರು ಸಾಹೇಬರು. "ಅದೆಲ್ಲ ನನ್ನ ಮುಂದೆ ಬೇಡ."

ತಾನು ಹೋದ ಮೇಲೆ ಹೊಡಿ ಎಂದು ಅದರ ಅರ್ಥ. ಅವರು ಫೋನು ಜೇಬಿಗೆ ಇಳಿಸಿ ಯಜಮಾನನ ಹೆಗಲ ಮೇಲೆ ಕೈ ಇಟ್ಟರು. "ಬನ್ನಿ ಬನ್ನಿ. ಒಳಗೆ ಕೂತು ಮಾತಾಡೋಣ. ಸಮಾಧಾನ ಮಾಡ್ಕೊಳ್ಳಿ. ಆ ಪೊಟ್ಟಣ ತಗೊಳ್ಳಿ."

ಪೊಟ್ಟಣ ಮೇಜಿನ ತುದಿಯಲ್ಲಿತ್ತು. ಅರಗು ಇನ್ನೂ ಬೆಚ್ಚಗಿದ್ದಿರಬೇಕು. ಯಜಮಾನನಿಗಿಂತ ನಾನು ಒಂದು ಹೆಜ್ಜೆ ಹತ್ತಿರವಿದ್ದೆ. ಆ ಒಂದು ಹೆಜ್ಜೆಯಷ್ಟೇ ನನಗಿದ್ದ ಅನುಕೂಲ. ಪೊಟ್ಟಣವನ್ನು ಎರಡೂ ಕೈಯಿಂದ ಎದೆಗವಚಿಕೊಂಡು ಹೊರಗೆ ನಡೆದೆ. ಓಡಲಿಲ್ಲ. ಓಡಿದರೆ ಕಳ್ಳಿ ಅನ್ನುತ್ತಾರೆ.

"ಹಿಡೀರೋ ಅವಳನ್ನ," ಎಂದು ಯಜಮಾನ ಕೂಗಿದ. ಬಾಗಿಲ ಬಳಿ ಮಸಿಯಣ್ಣ ನಿಂತಿದ್ದ. ಅವನು ಹಿಡಿಯುತ್ತಾನೆ ಎಂದೇ ನಾನು ಅಂದುಕೊಂಡೆ. ಅವನು ತನ್ನ ಕಪ್ಪು ಕೈಗಳನ್ನು ನೋಡಿಕೊಳ್ಳುತ್ತಾ, "ಸಾಹೇಬರ ಪೊಟ್ಟಣಕ್ಕೆ ಮಸಿ ಆಗುತ್ತೆ ಯಜಮಾನ್ರೇ," ಎಂದು ಪಕ್ಕಕ್ಕೆ ಸರಿದ.

ಅಂಗಳದಲ್ಲಿ ಬಿಳಿ ಕಾರಿನ ಹಿಂಬಾಗಿಲು ಗಾಳಿಗಾಗಿ ತೆರೆದಿತ್ತು. ಡ್ರೈವರ್ ಕಾರಿನಲ್ಲಿ ಹಾಡು ಹಚ್ಚಿಟ್ಟು ನೆರಳಿನಲ್ಲಿ ಬೀಡಿ ಸೇದುತ್ತಿದ್ದ. ನಾನು ಹೋಗಿ ಒಳಗೆ ಕೂತೆ. ಕಾರಿನೊಳಗೆ ಕೂತದ್ದು ಅದೇ ಮೊದಲು. ಸೀಟು ಇಷ್ಟು ಮೆತ್ತಗಿರುತ್ತದೆಂದು ಗೊತ್ತಿರಲಿಲ್ಲ, ಹಿಂದಕ್ಕೆ ಬಿದ್ದ ಹಾಗಾಯಿತು. ಪೊಟ್ಟಣವನ್ನು ಮಡಿಲಲ್ಲಿ ಇಟ್ಟುಕೊಂಡೆ.

ಸಾಹೇಬರು, ಯಜಮಾನ ಇಬ್ಬರೂ ಹೊರಗೆ ಬಂದರು.

"ಇಳಿಯಮ್ಮ ಕೆಳಗೆ," ಎಂದರು ಸಾಹೇಬರು. "ಅದು ಸರ್ಕಾರಿ ಪೊಟ್ಟಣ. ಹಾಗೆಲ್ಲ ಮುಟ್ಟಬಾರದು, ಕೇಸಾಗುತ್ತೆ."

"ಕೇಸು ಹಾಕಿ ಸಾಹೇಬ್ರೇ. ಸೀಲು ನೀವು ಒತ್ತಿದ ಹಾಗೇ ಇದೆ, ನಾನು ಮುಟ್ಟಿಲ್ಲ. ಪರೀಕ್ಷೆ ಮಾಡೋ ಜಾಗಕ್ಕೆ ನಡೀರಿ. ಅಲ್ಲಿ ಅವರ ಕೈಗೆ ಕೊಟ್ಟು ಇಳೀತೀನಿ."

"ನಾನು ತಗೊಂಡು ಹೋಗ್ತೀನಲ್ಲ. ನನ್ನ ಮೇಲೆ ನಂಬಿಕೆ ಇಲ್ವಾ?"

"ಇಲ್ಲ."

ಅಷ್ಟು ಸಣ್ಣ ಮಾತನ್ನು ಯಾವ ಸಾಹೇಬರಿಗೂ ನಾನು ಹೇಳಿರಲಿಲ್ಲ. ಹೇಳಿದ ಮೇಲೆ ಬಾಯೊಳಗಿನ ಉಪ್ಪು ನುಂಗಿದೆ. ಯಜಮಾನ ಬಾಗಿಲಿನತ್ತ ನುಗ್ಗಿ ಬಂದ. ಅವನಿಗಿಂತ ಮೊದಲು ಮಗಳು ಬಂದಳು. ಅವಳ ಮುಖ ನೋಡಿದರೆ ನನ್ನನ್ನು ಎಳೆದು ಹಾಕುವುದಕ್ಕೇ ಬಂದವಳ ಹಾಗಿತ್ತು, ಅಷ್ಟು ಸಿಟ್ಟು. ಬಾಗಿಲನ್ನು ಧಡ್ ಎಂದು ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ನಿಂತಳು. ಅರ್ಧ ಇಳಿದಿದ್ದ ಗಾಜಿನೊಳಗೆ, ನನ್ನ ಕಡೆ ತಿರುಗದೆಯೇ ಅಂದಳು.

"ಗಾಜು ಏರಿಸು. ಗುಂಡಿ ಒತ್ತು, ಒಳಗಿಂದ."

ಯಾವ ಗುಂಡಿಯೆಂದು ನನಗೇನು ಗೊತ್ತು? ಕಂಡದ್ದನ್ನೆಲ್ಲ ಒತ್ತಿದೆ. ಗಾಜು ಪೂರ್ತಿ ಇಳಿಯಿತು. ಇನ್ನೊಂದು ಒತ್ತಿದೆ, ಮೇಲೆ ದೀಪ ಹತ್ತಿತು. ಮೊದಲಿನದನ್ನೇ ಎತ್ತಿ ಹಿಡಿದೆ, ಗಾಜು ನಿಧಾನವಾಗಿ ಏರಿ ಹೊರಗಿನ ಕೂಗೆಲ್ಲ ಸಣ್ಣದಾಯಿತು. ಕಡೆಗೆ ಎಲ್ಲೋ ಟಕ್ ಎಂದಿತು. ಯಜಮಾನ ಆಚೆ ಬದಿಗೆ ಓಡಿ ಆ ಬಾಗಿಲು ಎಳೆದ. ಬರಲಿಲ್ಲ. ಗಾಜಿಗೆ ಬಡಿದ. ಅವನ ಬಾಯಿ ಅಲ್ಲಾಡುವುದು ಕಾಣುತ್ತಿತ್ತು, ಒಂದು ಮಾತೂ ಕೇಳಿಸುತ್ತಿರಲಿಲ್ಲ.

ಟೋಪಿ, ಗವಸು ಹಾಕಿಕೊಂಡ ಹೆಂಗಸರು ಒಬ್ಬೊಬ್ಬರಾಗಿ ಅಂಗಳಕ್ಕೆ ಬಂದು ನಿಂತಿದ್ದರು. ಗೊಣಗಜ್ಜಿ ಗವಸುಗಳನ್ನು ಕಿತ್ತು ನೆಲಕ್ಕೆ ಹಾಕುತ್ತಿದ್ದಳು. ಯಜಮಾನ ತಿರುಗಿ ಬಂದು ನನ್ನ ಮಗಳ ತೋಳು ಹಿಡಿದು ಎಳೆದ. ಅವಳು ಅಲ್ಲಾಡಲಿಲ್ಲ. ಡ್ರೈವರ್ ಬೀಡಿ ಎಸೆದು ಕಾರಿನ ಕೀಲಿಯನ್ನು ಕೈಯಲ್ಲಿ ಹಿಡಿದುಕೊಂಡು ಸಾಹೇಬರ ಮುಖ ನೋಡುತ್ತಿದ್ದ. ಕೀಲಿ ಇದ್ದವನಿಗೆ ಯಾವ ಬಾಗಿಲಾದರೂ ತೆರೆಯುತ್ತದೆ.

ಬಾಗಿಲು ತೆರೆ ಎಂದಾಗಲೀ, ಗಾಡಿ ಹೊರಡಿಸು ಎಂದಾಗಲೀ ಸಾಹೇಬರು ಅವನಿಗೆ ಇನ್ನೂ ಹೇಳಿರಲಿಲ್ಲ.